ಗಂಜಿ ಹಾಕಿದ ದೋಣಿ

ಅಮ್ಮಯಮ್ಮ ಮಾಡಿದ್ದು ಒಳ್ಳೆಯ ಕೆಲಸವೇ. ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಸುಕ್ಕು ಬೀಳದಂತೆ ಎಳೆದು ಹಗ್ಗಕ್ಕೆ ಹರವಿದ್ದಳು. ಬಿಚ್ಚಿಹೋಗಿದ್ದ ಅಂಚಿನ ಎಳೆಗಳನ್ನು ಹೊಸೆದು, ಸೀರೆಯ ಸೆರಗಿಗೆ ಕಟ್ಟುವಂತೆ ಸಾಲಾಗಿ ಕುಚ್ಚು ಕಟ್ಟಿದ್ದಳು. ಅದು ಸೀರೆಯೋ ಪಂಚೆಯೋ ಆಗಿದ್ದರೆ ಒಡೆಯನಾದವನು ಅವಳಿಗೆ ಕೈಮುಗಿಯಬೇಕಿತ್ತು. ಆದರೆ ಅದು ಗಾಜಿನ ನೂಲಿನಿಂದ ನೇಯ್ದ ಬಟ್ಟೆ. ಕೆಂಪರಾಜನ ದೋಣಿಯ ಹೊಟ್ಟೆಯೊಳಗೆ ರೆಸಿನ್ ಎಂಬ ಅಂಟನ್ನು ಕುಡಿದು ಗಟ್ಟಿಯಾಗಿ ಕೂರಬೇಕಾಗಿದ್ದ ಬಟ್ಟೆ.

ಬೆಳಗ್ಗೆ ಏಳಕ್ಕೆ ಶೆಡ್ಡಿನ ಬೀಗ ತೆಗೆಯಲು ಬಂದ ಕೆಂಪರಾಜ ಹಗ್ಗದ ಮೇಲೆ ಅದನ್ನು ನೋಡಿ ನಿಂತಲ್ಲೇ ನಿಂತ. ಆ ಕಡೆ ನೇಕಾರ ನರಸಿಂಹಯ್ಯನ ಪಂಚೆ, ಈ ಕಡೆ ಜರಿಯಂಚಿನ ಒಂದು ಶಾಲು, ನಡುವೆ ಹಪ್ಪಳದಂತೆ ಸೆಟೆದುಕೊಂಡ ತನ್ನ ಐದು ತುಂಡು.

"ಅವ್ವಾ! ಇದನ್ನ ಯಾರು ಒಗೆಯಕ್ಕೆ ಹೇಳಿದ್ದು?"

"ಯಾರು ಹೇಳ್ಬೇಕು? ಜಗುಲಿ ಮೇಲೆ ಮಡಿಸಿಟ್ಟಿದ್ಯಲ್ಲ," ಎಂದಳು ಅಮ್ಮಯಮ್ಮ, ಎರಡೂ ಅಂಗೈಗಳನ್ನು ಪರಪರ ಕೆರೆದುಕೊಳ್ಳುತ್ತ. "ಅದೇನು ಬಟ್ಟೆನಪ್ಪಾ ಅದು, ರಾತ್ರಿಯಿಂದ ಕೈಯೆಲ್ಲ ನವೆ. ಹಂಗಂತ ಕೆಲ್ಸ ಬಿಟ್ನಾ? ಮೂರು ನೀರು ಒಗ್ದಿದೀನಿ."

ತಪ್ಪು ಯಾರದೆಂದು ಕೇಳಿದರೆ ಹೇಳುವುದು ಕಷ್ಟ. ದೊಡ್ಡಬಳ್ಳಾಪುರದ ಆ ಮಗ್ಗದ ಬೀದಿಯಲ್ಲಿ ಅಮ್ಮಯಮ್ಮನ ಜಗುಲಿಯ ಮೇಲೆ ಮಡಿಸಿಟ್ಟ ಬಟ್ಟೆ ಎಂದರೆ ಗಂಜಿಗೆ ಬಂದದ್ದು ಎಂದೇ ಲೆಕ್ಕ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ; ನಲವತ್ತು ವರ್ಷದಿಂದ ನಡೆದುಬಂದ ಪದ್ಧತಿ. ಹಿಂದಿನ ಸಂಜೆ ಕೆಂಪರಾಜ ಬಟ್ಟೆಯನ್ನು ಸಮತಟ್ಟಾದ ಜಾಗದಲ್ಲಿ ಹಾಸಿ ಹತ್ತಡಿ ಉದ್ದದ ಐದು ತುಂಡಾಗಿ ಕತ್ತರಿಸಬೇಕೆಂದು ಆ ಜಗುಲಿಗೆ ಹೋಗಿದ್ದ. ಕತ್ತರಿಸಿ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಧೂಳಿನ ಶೆಡ್ಡಿಗೆ ಒಯ್ಯುವುದು ಬೇಡ, ಬೆಳಗ್ಗೆ ನೋಡಿಕೊಳ್ಳೋಣ ಎಂದು ಮಡಿಸಿಟ್ಟು ಮನೆಗೆ ಹೋಗಿದ್ದ. ಮಗ್ಗ ನಿಲ್ಲಿಸಿ ಖಾಲಿ ಬಿಟ್ಟಿದ್ದ ಶೆಡ್ಡನ್ನು ಬಾಡಿಗೆಗೆ ಹಿಡಿದು ಆರು ವರ್ಷವಾದರೂ ಅವನು ಆ ಬೀದಿಗೆ ಇನ್ನೂ ಹೊಸಬನೇ.

"ಗಂಜಿ ಹಾಕಿದ ಮೇಲೆ ಇದು ರೆಸಿನ್ ಕುಡಿಯಲ್ಲ ಅವ್ವಾ! ಕುಡೀದಿದ್ರೆ ಪದರ ಬಿಟ್ಕೊಂಡು ಎದ್ದು ಬರುತ್ತೆ. ಕೆರೆ ಮಧ್ಯದಲ್ಲಿ ಎದ್ದು ಬಂದ್ರೆ ಯಾರು ಹೊಣೆ?"

"ನನ್ ಗಂಜಿ ಹಾಕಿದ್ ಬಟ್ಟೆ ಇಲ್ಲೀಗಂಟ ಒಂದೂ ಎದ್ದು ಬಂದಿಲ್ಲ," ಎಂದು ಅಮ್ಮಯಮ್ಮ ಸಿಟ್ಟಿನಿಂದಲೇ ಕೊಬ್ಬರಿ ಎಣ್ಣೆ ಹುಡುಕಿಕೊಂಡು ಒಳಗೆ ಹೋದಳು.

ಕೆಂಪರಾಜನಿಗೆ ಹೊಟ್ಟೆ ಉರಿದುಹೋಯಿತು. ಉರಿಯದೆ ಏನು ಮಾಡೀತು? ಅಂದೇ ಸಂಜೆ ನಾಲ್ಕಕ್ಕೆ ಆ ದೋಣಿ ಮಾಕನಕೆರೆಯ ನೀರಿಗಿಳಿಯಬೇಕಿತ್ತು. ಕೆರೆಯ ತುಂಬ ಹಬ್ಬಿದ ಅಂತರಗಂಗೆ ಕಳೆಯನ್ನು ಕಿತ್ತು ದಡಕ್ಕೆ ಸಾಗಿಸಲು ಆ ಊರಿನ ಪಂಚಾಯಿತಿ ಮಾಡಿಸುತ್ತಿದ್ದ ದೋಣಿ ಅದು. ಮೇಲಿನ ಕಚೇರಿಯಿಂದ ಒಬ್ಬರು ಮೇಡಂ ಬರುತ್ತಾರೆ, ಮೈಕು ಇರುತ್ತದೆ, ಫೋಟೋ ತೆಗೆಯುತ್ತಾರೆ ಎಂದು ಅಧ್ಯಕ್ಷ ಮುನಿರಾಜ್ ಹೇಳಿದ್ದ. ಆದರೆ ಕೆಂಪರಾಜನಿಗೆ ಮೇಡಮ್ಮೂ ಬೇಕಿರಲಿಲ್ಲ, ಮೈಕೂ ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಹೆಸರು.

ಹೆಸರು ಇರಲಿಲ್ಲ ಎಂದಲ್ಲ. ಇದ್ದದ್ದೇ ತೊಂದರೆ. ಇಪ್ಪತ್ತರ ಹರೆಯದಲ್ಲಿ ಮಲ್ಪೆಗೆ ಹೋಗಿ ಎರಡು ವರ್ಷ ಮೀನುಗಾರರ ದೋಣಿಗೆ ಫೈಬರ್ ಹಾಕುವ ಕೆಲಸ ಕಲಿತು ಬಂದ ಮನುಷ್ಯ ಅವನು. ಸಮುದ್ರವಿಲ್ಲದ ಊರಿನಲ್ಲಿ ದೋಣಿ ಯಾರಿಗೆ ಬೇಕು? ಹೊಟ್ಟೆಪಾಡಿಗೆ ಫೈಬರಿನ ಕಕ್ಕಸುಮನೆ ಮಾಡಲು ಶುರು ಮಾಡಿದ. ಕಟ್ಟಡ ಕಟ್ಟುವ ಕಡೆಗೆ, ಮದುವೆ ಛತ್ರಗಳಿಗೆ, ಘಾಟಿಯ ದನಗಳ ಜಾತ್ರೆಗೆ, ಹೆದ್ದಾರಿಯ ಪಕ್ಕಕ್ಕೆ ಎಲ್ಲ ಕಡೆಗೂ ಅವನ ಮಾಲೇ ಹೋಯಿತು. ಜೊತೆಗೆ ಹೆಸರೂ ಬಂತು. ಕಕ್ಕಸ್ ಕೆಂಪರಾಜ್. ಆಟೋದವನಿಗೆ ಬರೀ ಕೆಂಪರಾಜನ ಮನೆ ಎಂದರೆ ಗೊತ್ತಾಗುತ್ತಿರಲಿಲ್ಲ. ಹೋದ ತಿಂಗಳು ಸ್ವಂತ ಷಡ್ಡಕನ ಮನೆಯಿಂದ ಬಂದ ಮದುವೆ ಕಾಗದದ ಮೇಲೆ "ಶ್ರೀ ಕಕ್ಕಸ್ ಕೆಂಪರಾಜ್ ಮತ್ತು ಕುಟುಂಬ" ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಮಗಳು ನವ್ಯಶ್ರೀ ಅದನ್ನು ಓದಿ ಎರಡು ದಿನ ಊಟ ಬಿಟ್ಟಿದ್ದಳು.

ಅದಕ್ಕಾಗಿಯೇ ಈ ದೋಣಿ. ಲಾಭ ನೋಡದೆ ಒಪ್ಪಿಕೊಂಡಿದ್ದ. ಪ್ಲೈವುಡ್ಡಿನಲ್ಲಿ ತಾನೇ ಅಚ್ಚು ಕಟ್ಟಿ, ಮೇಣ ಉಜ್ಜಿ, ನೀಲಿ ಬಣ್ಣದ ಮೊದಲ ಕೋಟು ಹೊಡೆದು, ಅದರ ಮೇಲೆ ಒಂದು ಪದರ ಗಾಜಿನೆಳೆಯ ಮ್ಯಾಟು, ಒಂದು ಪದರ ನೇಯ್ದ ಬಟ್ಟೆ, ಮತ್ತೆ ಮ್ಯಾಟು ಎಂದು ಹದಿನೈದು ದಿನ ಮೈ ಬಗ್ಗಿಸಿದ್ದ. ಇನ್ನು ಒಳಗಿನ ಕೊನೆಯ ದಪ್ಪ ಬಟ್ಟೆ, ಅದರ ಮೇಲೆ ತೆಳುವಾದ ಒಂದು ಬಟ್ಟೆ, ಇಷ್ಟೇ ಬಾಕಿ. ಆ ಎರಡರ ನಡುವೆ, ದೋಣಿಯ ಮುಂದಿನ ಮೂತಿಯ ಒಳಮೈಯಲ್ಲಿ, ಪೇಟೆಯಲ್ಲಿ ತೆಳು ಹಾಳೆಯ ಮೇಲೆ ಅಚ್ಚು ಹಾಕಿಸಿ ತಂದಿದ್ದ ಹೆಸರನ್ನು ಕೂರಿಸಬೇಕೆಂದಿದ್ದ: "ಕೆಂಪರಾಜ್, ದೋಣಿ ತಯಾರಕರು, ದೊಡ್ಡಬಳ್ಳಾಪುರ". ಬಿಳಿ ಬಟ್ಟೆ ರೆಸಿನ್ ಕುಡಿದರೆ ಗಾಜಿನಂತೆ ತಿಳಿಯಾಗಿ ಕೆಳಗಿನ ಅಕ್ಷರ ಎದ್ದು ಕಾಣುತ್ತದೆ. ಪದರದ ಒಳಗೆ ಕೂತ ಅಕ್ಷರ ಮಳೆಗೆ ಹೋಗುವುದಿಲ್ಲ, ಉಗುರಿಗೆ ಕೀಳುವುದಿಲ್ಲ. ದೋಣಿ ಇರುವಷ್ಟು ಕಾಲ ಇರುತ್ತದೆ.

ಈಗ ಆ ದಪ್ಪ ಬಟ್ಟೆಗೆ ಕುಚ್ಚು ಬಂದಿತ್ತು.

ಹೊಸ ಬಟ್ಟೆ ಬೆಂಗಳೂರಿನಿಂದ ಬರಬೇಕು, ಅಷ್ಟು ಹೊತ್ತಿಲ್ಲ. ಕೆಂಪರಾಜ ಶೆಡ್ಡಿನ ಮೂಲೆಯಲ್ಲಿ ಕಕ್ಕಸಿನ ಗೋಡೆಗಳಿಗೆಂದು ಕತ್ತರಿಸಿಟ್ಟಿದ್ದ ತುಂಡುಗಳನ್ನು ಎಳೆದು ಹಾಕಿದ. ಎರಡಡಿ, ಮೂರಡಿ, ಎಲ್ಲ ಗಿಡ್ಡ. ಒಂದರ ಮೇಲೊಂದು ಎರಡು ಬೆರಳಿನಷ್ಟು ಹೊದಿಸುತ್ತ ಹೋದರೆ ದೋಣಿಯ ಉದ್ದಕ್ಕೆ ಸಾಕಾಗಬಹುದು. ಕಕ್ಕಸಿನ ಬಟ್ಟೆಯನ್ನೇ ದೋಣಿಗೆ ಹಾಕಬೇಕಾಯಿತಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿದ.

ಅಷ್ಟರಲ್ಲಿ ನರಸಿಂಹಯ್ಯ ಬಂದ. ಐವತ್ತು ವರ್ಷ ರೇಷ್ಮೆ ಸೀರೆ ನೇಯ್ದು ಈಗ ಮಗ್ಗ ಬಿಟ್ಟು ಕೂತಿದ್ದ ಹಿರಿಯ. ಮಗ್ಗ ಬಿಟ್ಟಿದ್ದನೇ ಹೊರತು ಬಟ್ಟೆಯ ಮೇಲಿನ ಅಧಿಕಾರವನ್ನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರ ಮೈಮೇಲೆ ಯಾವ ಬಟ್ಟೆ ಕಂಡರೂ ಹಿಡಿದು, ಉಜ್ಜಿ, ಬೆಲೆ ಕಟ್ಟಿ, ಮೋಸ ಹೋದೆ ಎಂದು ಹೇಳಿ ಕಳಿಸುತ್ತಿದ್ದ.

"ಏನಪ್ಪಾ ಕೆಂಪರಾಜು, ತೇಪೆ ಹಾಕ್ತಿದ್ದೀಯ?"

"ತೇಪೆ ಅಲ್ಲ ನರಸಿಂಹಣ್ಣ. ಜೋಡಣೆ."

"ಅಂಚೇ ಇಲ್ವಲ್ಲಲೇ ಈ ಬಟ್ಟೆಗೆ! ಯಾವನು ನೇಯ್ದೋನು? ಹೊಕ್ಕಿನ ಎಳೆ ನೋಡು, ಹಂದಿ ಬೇಲಿ ನುಗ್ಗಿದಂಗೈತೆ. ಇದನ್ನ ನನ್ ಮುಂದೆ ತಂದಿದ್ರೆ ಕೂಲಿನೇ ಕೊಡ್ತಿರ್ಲಿಲ್ಲ."

"ಇದು ಉಟ್ಕೊಳಕ್ಕಲ್ಲ ಅಣ್ಣಾ."

"ಉಟ್ಕೊಂಡ್ರೇನು, ದೋಣಿ ಹಾಕ್ಕೊಂಡ್ರೇನು, ಬಟ್ಟೆ ಬಟ್ಟೆನೇ. ಆ ತುಂಡು ತಿರುಗ್ಸು. ಹಾಸು ಉದ್ದಕ್ಕೆ ಬರ್ಬೇಕು, ಹೊಕ್ಕು ಅಡ್ಡಕ್ಕೆ. ಎಳೆತ ಯಾವ ಕಡೆಗೋ ಹಾಸೂ ಆ ಕಡೆಗೆ."

ಕೆಂಪರಾಜನಿಗೆ ಇನ್ನೂ ಸಿಟ್ಟು ಬಂತು, ಏಕೆಂದರೆ ಮುದುಕ ಹೇಳಿದ್ದು ಸರಿಯಾಗಿತ್ತು. ಅವಸರದಲ್ಲಿ ಎರಡು ತುಂಡನ್ನು ಅಡ್ಡಡ್ಡ ಹಾಕಿದ್ದ. ಮಾತಾಡದೆ ತಿರುಗಿಸಿದ. ಅಷ್ಟಕ್ಕೇ ನರಸಿಂಹಯ್ಯನಿಗೆ ಶೆಡ್ಡಿನ ಮೇಸ್ತ್ರಿಯಾದಷ್ಟು ಹುರುಪು ಬಂದು, ಪಂಚೆ ಮೇಲಕ್ಕೆ ಕಟ್ಟಿ ಅಲ್ಲೇ ನಿಂತುಕೊಂಡ.

ಪ್ಲಾಸ್ಟಿಕ್ ಮಗ್ಗಿನಲ್ಲಿ ರೆಸಿನ್ ಸುರಿದು, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿದ ಕ್ಷಣದಿಂದ ಕೈಯಲ್ಲಿರುವುದು ಹೆಚ್ಚೆಂದರೆ ಹದಿನೈದು ನಿಮಿಷ. ಏಪ್ರಿಲ್ ಬಿಸಿಲಿಗೆ ಹತ್ತೇ. ಅಷ್ಟರಲ್ಲಿ ಬ್ರಷ್ಷಿನಿಂದ ಹಚ್ಚಿ, ರೋಲರ್ ಉರುಳಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೆಲ್ಲ ಹೊರಗೆ ಓಡಿಸಬೇಕು. ಕೆಂಪರಾಜ ಮೊದಲ ಮಗ್ಗು ಕಲಸಿ ಬ್ರಷ್ಷು ಅದ್ದಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುನಿರಾಜ್.

"ಕೆಂಪರಾಜಣ್ಣ, ಒಂದೇ ನಿಮ್ಷ. ಅದಕ್ಕೆ ಬಾಗ್ಲು ಇಟ್ಟಿದ್ದೀಯಾ?"

"ಯಾವುದಕ್ಕೆ?"

"ಅದೇ... ದೋಣಿಗೆ."

"ದೋಣಿಗೆ ಬಾಗ್ಲಾ? ಅಧ್ಯಕ್ಷರೇ, ತಮಾಷೆ ಮಾಡ್ತಿದ್ದೀರಾ? ದೋಣಿಗೆ ಯಾರಾದ್ರೂ ಬಾಗ್ಲು ಇಡ್ತಾರಾ?"

"ಆಯ್ತು ಬಿಡಣ್ಣ. ಗಾಳಿಕಿಂಡಿ?"

"ಮೇಲೆ ಪೂರ್ತಿ ಆಕಾಶನೇ ಇದೆಯಲ್ಲ! ಇನ್ನೆಂಥ ಕಿಂಡಿ?"

"ಕೋಪ ಮಾಡ್ಕೋಬೇಡ. ಫಾರಂನಲ್ಲಿ ಕೇಳಿದಾರೆ, ಅದಕ್ಕೆ. ಒಂದ್ ಸಲಕ್ಕೆ ಎಷ್ಟು ಜನ ಉಪಯೋಗಿಸ್ಬೋದು?"

"ನಾಲ್ಕು ಜನ."

"ನಾಲ್ಕೂ ಜನ ಒಟ್ಟಿಗೇನಾ?"

"ಎದುರಾ ಬದುರಾ ಕೂತ್ಕೊಂಡು. ಇಬ್ಬರು ಈ ಕಡೆ, ಇಬ್ಬರು ಆ ಕಡೆ."

ಆ ತುದಿಯಲ್ಲಿ ಕಾಗದ ತಿರುವಿದ ಸದ್ದಾಯಿತು. "ಪರ್ವಾಗಿಲ್ಲ, ಹಂಗೇ ಬರ್ಕೊತೀನಿ," ಎಂದು ಮುನಿರಾಜ್ ಫೋನಿಟ್ಟ.

ದೋಣಿ ಮುಖವನ್ನೇ ನೋಡದವರು ದೋಣಿ ಮಾಡಿಸುತ್ತಾರೆ, ಮಾಡಿದವನ ತಲೆ ತಿನ್ನುತ್ತಾರೆ ಎಂದು ಬೈದುಕೊಳ್ಳುತ್ತ ಕೆಂಪರಾಜ ತಿರುಗಿದರೆ, ಮಗ್ಗಿನಿಂದ ಹೊಗೆ ಏಳುತ್ತಿತ್ತು. ಒಳಗಿನ ರೆಸಿನ್ ತಣ್ಣಗಾದ ಮುದ್ದೆಯಂತೆ ಗಟ್ಟಿಯಾಗಿ, ನಡುವೆ ಅವನ ಒಳ್ಳೆಯ ಬ್ರಷ್ಷನ್ನು ನೆಟ್ಟಗೆ ಹಿಡಿದುಕೊಂಡಿತ್ತು.

"ಹೊಗೆ ಬರ್ತಿತ್ತು ಕಣಪ್ಪಾ," ಎಂದ ನರಸಿಂಹಯ್ಯ. "ಹೇಳಣ ಅಂದ್ಕೊಂಡೆ. ದೊಡ್ಡೋರ ಹತ್ರ ಮಾತಾಡ್ತಿದ್ಯಲ್ಲ, ಯಾಕೆ ಮಧ್ಯ ಬಾಯಿ ಹಾಕೋದು ಅಂತ ಸುಮ್ನಿದ್ದೆ."

ಹುಟ್ಟಿದಾಗಿನಿಂದ ಎಲ್ಲದಕ್ಕೂ ಬಾಯಿ ಹಾಕಿದ ಮನುಷ್ಯ ಈ ಒಂದು ಸಲ ಸುಮ್ಮನಿದ್ದನಲ್ಲ ಎಂದು ಕೆಂಪರಾಜನಿಗೆ ಅಳುವಂತಾಯಿತು.

ಎರಡನೆಯ ಮಗ್ಗು ಕಲಸುವ ಹೊತ್ತಿಗೆ ಬೀದಿಯ ಮೂವರು ಹೆಂಗಸರು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಒಬ್ಬಳು ಕುತ್ತಿಗೆ ಕೆರೆಯುತ್ತಿದ್ದಳು, ಒಬ್ಬಳು ಸೊಂಟ, ಇನ್ನೊಬ್ಬಳು ಮಗುವಿನ ಬೆನ್ನು. ಅಮ್ಮಯಮ್ಮ ಗಾಜಿನ ಬಟ್ಟೆ ಅದ್ದಿದ ಬಾನಿಯಲ್ಲೇ ಬೀದಿಯ ಬಟ್ಟೆಯೆಲ್ಲ ಅದ್ದಿದ್ದಳು. ಕಣ್ಣಿಗೆ ಕಾಣದ ಎಳೆಗಳು ಮನೆಮನೆಯ ಮೈಗೆ ಸೇರಿದ್ದವು.

"ಏನು ಹಾಕಿದ್ದೀಯಪ್ಪಾ ನಮ್ ಬಟ್ಟೆಗೆ? ಎಲ್ಲಾ ಆ ನಿನ್ ಕಕ್ಕಸಿಂದು ತಾನೇ?"

"ಇದು ಕಕ್ಕಸಲ್ಲ! ದೋಣಿ!" ಎಂದು ಕೆಂಪರಾಜ ಕೂಗಿದ ಕೂಗಿಗೆ ಮಗು ಕೆರೆಸಿಕೊಳ್ಳುವುದನ್ನೇ ಮರೆತು ಅಳಲು ಶುರು ಮಾಡಿತು. "ನನ್ ಬಟ್ಟೆ ನಾನು ಒಗೆಯಕ್ಕೆ ಹಾಕಿದ್ನಾ? ಒಗೆದೋರ್ನ ಕೇಳಿ. ನನಗೆ ಆಗಿರೋ ನಷ್ಟ ಯಾರ ಹತ್ರ ಹೇಳ್ಕೊಳ್ಳಿ?"

"ಮಾಡೋದೂ ಮಾಡಿ ನಮ್ ಮೇಲೇ ರೇಗ್ತಾನೆ ನೋಡಿ," ಎಂದು ಅವರು ಹೊರಟರು. ಅದೇ ಹೊತ್ತಿಗೆ, ಅದೇ ಹಗ್ಗದಿಂದ ಇಳಿಸಿದ ಪಂಚೆ ಉಟ್ಟಿದ್ದ ನರಸಿಂಹಯ್ಯ ಮೆಲ್ಲಗೆ ತೊಡೆ ಕೆರೆಯಲು ಆರಂಭಿಸಿದ. ಆದರೂ ಜಾಗ ಬಿಟ್ಟು ಕದಲಲಿಲ್ಲ.

ಹನ್ನೊಂದು ಗಂಟೆಗೆ ದಪ್ಪ ಬಟ್ಟೆಯ ಪದರ ಮುಗಿಯಿತು. ಇನ್ನು ತೆಳುಬಟ್ಟೆ. ಕೆಂಪರಾಜ ಕೊನೆಯ ಮಗ್ಗು ಕಲಸಿ, ಹಿಂಭಾಗದಿಂದ ಹಚ್ಚುತ್ತ ಮೂತಿಯ ಕಡೆಗೆ ಬರುತ್ತಿದ್ದ. ಎರಡೂ ಕೈ ರೆಸಿನ್. ಅಕ್ಷರದ ಹಾಳೆಯನ್ನು ಹಾಸಲು ಮೂರನೆಯ ಕೈ ಬೇಕಿತ್ತು.

"ನರಸಿಂಹಣ್ಣ, ಆ ತಗಡಿನ ಡಬ್ಬಿಲಿ ಅಚ್ಚು ಹಾಕ್ಸಿರೋ ಹಾಳೆ ಇದೆ. ಕೈ ಒರೆಸ್ಕೊಂಡು ಒಂದು ತಗೊಂಡು, ಇಲ್ಲಿ ಮೂತಿ ಹತ್ರ ನೆಟ್ಟಗೆ ಹಾಸು. ಮೇಲೆ ಈ ತೆಳುಬಟ್ಟೆ ಮುಚ್ಚು. ಸುಕ್ಕು ಬರ್ಬಾರ್ದು."

"ನನಗೆ ಹೇಳ್ತೀಯೇನಲಾ ಸುಕ್ಕಿನ ವಿಚಾರ?" ಎಂದ ನರಸಿಂಹಯ್ಯ. ಡಬ್ಬಿ ತೆರೆದ. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಲ್ಲಿ ಉಜ್ಜಿ, ಆರಿಸಿ, ತಂದು ಹಾಸಿ, ಬಟ್ಟೆ ಮುಚ್ಚಿದ. ನಿಜ ಹೇಳಬೇಕೆಂದರೆ ಒಂದು ಸುಕ್ಕೂ ಇರಲಿಲ್ಲ.

ಕೆಂಪರಾಜ ಮೂತಿಗೆ ಬಂದು ರೆಸಿನ್ ಸವರಿ ರೋಲರ್ ಉರುಳಿಸಿದ. ಬಿಳಿ ಬಟ್ಟೆ ನೆನೆದು ತಿಳಿಯಾಗುತ್ತ ಹೋಯಿತು. ಈ ಒಂದು ಗಳಿಗೆಗಾಗಿ ಅವನು ಹದಿನೈದು ದಿನ ಕಾದಿದ್ದ. ಕಣ್ಣು ಮಂಜಾಯಿತು ಎಂದರೂ ಸುಳ್ಳಲ್ಲ. ಮೊದಲ ಅಕ್ಷರ ಮೇಲೆದ್ದಿತು.

ಅದು 'ಸಾ' ಎಂದಿತ್ತು.

ತನ್ನ ಹೆಸರಿನಲ್ಲಿ ಸಾ ಎಲ್ಲಿದೆ ಎಂದು ಕೆಂಪರಾಜ ಒಂದು ಕ್ಷಣ ಯೋಚಿಸಿದ. ರೋಲರ್ ಮುಂದಕ್ಕೆ ಹೋಯಿತು. ಅಕ್ಷರಗಳು ಒಂದರ ಹಿಂದೊಂದು ಎದ್ದು ಸಾಲಾಗಿ ನಿಂತವು: "ಸಾರ್ವಜನಿಕ ಶೌಚಾಲಯ. ಬಳಸಿದ ನಂತರ ನೀರು ಸುರಿಯಿರಿ."

"ನರಸಿಂಹಣ್ಣ... ಯಾವ ಹಾಳೆ ಹಾಕ್ದೆ?"

"ಒಳ್ಳೇದೇ ಹಾಕಿದೀನಿ ಕಣಪ್ಪಾ. ಮೇಲೊಂದಿತ್ತು, ಅದರ ಬಣ್ಣ ಕದಡಿತ್ತು. ಕಳಪೆ ಮಾಲು. ಅದನ್ನ ಅತ್ಲಾಗಿಟ್ಟು ಕೆಳಗಿನ ಕಟ್ಟಿಂದ ಗಟ್ಟಿ ಬಣ್ಣದ್ದು ತೆಗ್ದೆ."

"ಅದು ಕಕ್ಕಸಿನ ಬಾಗ್ಲಿಗೆ ಅಂಟ್ಸೋ ಕಟ್ಟು! ಓದಿ ನೋಡೋದಲ್ವಾ!"

"ಐವತ್ತು ವರ್ಷ ಬಟ್ಟೆ ನೋಡಿದೀನಿ. ಒಂದು ದಿನಾನೂ ಬಟ್ಟೆ ಓದಿಲ್ಲ," ಎಂದ ನರಸಿಂಹಯ್ಯ, ನೊಂದುಕೊಂಡವನಂತೆ.

ಕೆಂಪರಾಜ ಬಟ್ಟೆಯ ತುದಿಯನ್ನು ಹಿಡಿದು ಎಳೆದ. ಬೆರಳು ಅಂಟಿತು, ಬಟ್ಟೆ ಬರಲಿಲ್ಲ. ರೆಸಿನ್ ಆಗಲೇ ಬಿಸಿಯಾಗಿ ಬಿಗಿದುಕೊಂಡಿತ್ತು. ಇನ್ನೂ ಎಳೆದರೆ ಕೆಳಗಿನ ಪದರವೂ ಎದ್ದು ಮೂತಿಯೇ ಕೆಡುತ್ತದೆ. ಗ್ರೈಂಡರಿನಿಂದ ಉಜ್ಜಿ ತೆಗೆಯೋಣವೆಂದರೆ ಕರೆಂಟು ಮತ್ತೆ ಹೋಗಿತ್ತು. ಬಣ್ಣ ಬಳಿಯೋಣವೆಂದರೆ ಹಸಿ ರೆಸಿನ್ನಿಗೆ ಬಣ್ಣ ನಿಲ್ಲುವುದಿಲ್ಲ. ಮಳೆಗೆ ಹೋಗುವುದಿಲ್ಲ, ಉಗುರಿಗೆ ಕೀಳುವುದಿಲ್ಲ ಎಂದು ತಾನೇ ಹೆಮ್ಮೆಪಟ್ಟುಕೊಂಡದ್ದು ನೆನಪಾಗಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

ಮೂರು ಗಂಟೆಗೆ ಮರದ ಬೆಣೆ ಬಡಿದು ಅಚ್ಚಿನಿಂದ ದೋಣಿಯನ್ನು ಬಿಡಿಸಿದರು. ಹೊರಗಿನಿಂದ ಅದನ್ನು ನೋಡಿದವರಿಗೆ ಕಣ್ಣು ತುಂಬುವಂತಿತ್ತು. ನೀಲಿ ಮೈ ಮಿರಮಿರ ಮಿಂಚುತ್ತಿತ್ತು, ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ನೋಡಲು ಬಂದ ಬೀದಿಯವರೂ ಕೆರೆಯುವುದನ್ನು ನಿಲ್ಲಿಸಿ "ಪರ್ವಾಗಿಲ್ವೇ!" ಎಂದರು. ಕೆಂಪರಾಜ ಯಾರಿಗೂ ಒಳಗೆ ಬಗ್ಗಿ ನೋಡಲು ಬಿಡಲಿಲ್ಲ. ಮೂತಿಯೊಳಗೆ ಮಾವಿನ ಸೊಪ್ಪು ತುಂಬಿ, ಮೇಲೆ ಚೆಂಡುಹೂವಿನ ಹಾರ ಹೊದಿಸಿ, ಟೆಂಪೋಗೆ ಏರಿಸಿದ. ಪೂಜೆ ಮುಗಿದು ದೋಣಿ ನೀರಿಗಿಳಿದರೆ ಸಾಕು. ನಾಳೆ ಗ್ರೈಂಡರ್ ತಂದು ಆ ಭಾಗವನ್ನು ಉಜ್ಜಿ, ಹೊಸ ಬಟ್ಟೆ ಹಾಕಿ, ತನ್ನ ಹೆಸರು ಕೂರಿಸಿಬಿಡುತ್ತೇನೆ ಎಂದುಕೊಂಡ. ನರಸಿಂಹಯ್ಯನೂ ಅಮ್ಮಯಮ್ಮನೂ ಯಾರೂ ಕರೆಯದೆಯೇ ಟೆಂಪೋ ಹತ್ತಿದರು. ಅಮ್ಮಯಮ್ಮನ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು ಇತ್ತು.

ಮಾಕನಕೆರೆಯ ಏರಿಯ ಮೇಲೆ ಶಾಮಿಯಾನ ಹಾಕಿದ್ದರು. ಮುನಿರಾಜ್ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬೆವರುತ್ತ ಓಡಿಬಂದ.

"ಅಣ್ಣಾ, ಬೋರ್ಡ್ ಬರೆಯೋನು ಕೈ ಕೊಟ್ಟ. ಫೋನೇ ಎತ್ತುತಿಲ್ಲ. ಏನ್ ಮಾಡ್ಲಿ ಈಗ?"

"ಎಂಥ ಬೋರ್ಡು?"

ಮುನಿರಾಜ್ ಉತ್ತರ ಕೊಡುವಷ್ಟರಲ್ಲಿ ಜೀಪು ಬಂತು. ಇಳಿದವರು ಪವಿತ್ರ ಮೇಡಂ. ಕೈಯಲ್ಲಿ ಒಂದು ಫೈಲು, ಹಿಂದೆ ಫೋಟೋ ತೆಗೆಯುವವನು. ನಮಸ್ಕಾರ, ಹಾರ ಯಾವುದಕ್ಕೂ ಕಾಯದೆ ದೋಣಿಯ ಮುಂದೆ ಬಂದು ನಿಂತು, ಫೈಲು ನೋಡಿ, ದೋಣಿ ನೋಡಿ, ಮತ್ತೆ ಫೈಲು ನೋಡಿದರು.

"ಏನ್ರೀ ಅಧ್ಯಕ್ಷರೇ ಇದು?"

"ಅದೇ ಮೇಡಂ."

"ಅದೇ ಅಂದ್ರೆ ಯಾವುದು? ನಾನು ನೋಡಕ್ಕೆ ಬಂದಿರೋದು ಸಂಚಾರಿ ಶೌಚಾಲಯ, ಒಂದು. ಈ ಸಾಲಿನಲ್ಲಿ ನಿಮ್ಮೂರಿಗೆ ಮಂಜೂರಾಗಿರೋದು ಅದೊಂದೇ. ಇದು ದೋಣಿ ಥರ ಕಾಣುತ್ತಲ್ಲ?"

ಕೆಂಪರಾಜನಿಗೆ ಒಂದೊಂದೇ ಅರ್ಥವಾಗುತ್ತ ಬಂತು. ಬಾಗಿಲು. ಗಾಳಿಕಿಂಡಿ. ಒಂದು ಸಲಕ್ಕೆ ಎಷ್ಟು ಜನ. ದೋಣಿಗೆ ಎಲ್ಲಿಯೂ ದುಡ್ಡು ಸಿಗದೆ ಈ ಮಹಾರಾಯ ಅದನ್ನು ಕಕ್ಕಸಿನ ಲೆಕ್ಕದಲ್ಲಿ ಬರೆಸಿದ್ದ. ಫೋಟೋ ಹೊತ್ತಿಗೆ ಒಂದು ಬೋರ್ಡು ನೇತುಹಾಕಿ ದಾಟಿಕೊಳ್ಳಬೇಕೆಂದಿದ್ದ. ಆ ಬೋರ್ಡು ಬಂದಿರಲಿಲ್ಲ.

ಮುನಿರಾಜ್ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. "ಶೌಚಾಲಯನೇ ಮೇಡಂ... ಆಕಾರ ಒಂಚೂರು..."

"ಆಕಾರ ಇರ್ಲಿ. ಫಲಕ ಎಲ್ಲಿ? ಫಲಕ ಇಲ್ದೆ ನಾನು ಸಹಿ ಹಾಕಲ್ಲ."

"ಫಲಕ ತಾನೇ ತಾಯಿ? ಇಲ್ಲೈತೆ ನೋಡಿ," ಎಂದು ಯಾರೋ ಹೇಳಿದರು. ಕೆಂಪರಾಜ ತಿರುಗಿ ನೋಡುವಷ್ಟರಲ್ಲಿ ನರಸಿಂಹಯ್ಯ ಹಾರ ಸರಿಸಿ, ಮಾವಿನ ಸೊಪ್ಪನ್ನು ಹಿಡಿಹಿಡಿಯಾಗಿ ತೆಗೆದು ಹೊರಗೆ ಹಾಕಿದ್ದ. "ನಾನೇ ಆರಿಸಿ ಹಾಕಿದ್ದು. ಬಣ್ಣ ಎಷ್ಟು ಗಟ್ಟಿ ಐತೆ ನೋಡಿ."

ಮೇಡಂ ಬಗ್ಗಿ ಓದಿದರು. ಅಂಟಿಸಿದ್ದಿರಬಹುದೆಂದು ಉಗುರಿನಿಂದ ಕೆರೆದರು. ಬರಲಿಲ್ಲ. ಜೀಪಿನ ಕೀಲಿಯಿಂದ ಗೀಚಿದರು. ಅದಕ್ಕೂ ಬರಲಿಲ್ಲ. ಅಕ್ಷರ ಪದರದ ಒಳಗೆ ತಣ್ಣಗೆ ಕೂತಿತ್ತು. ಮೇಡಂ ಮುಖ ಅರಳಿತು.

"ಎಲ್ಲಾ ಊರಲ್ಲೂ ನಾನು ಬರೋ ದಿನ ಬೋರ್ಡ್ ಅಂಟಿಸ್ತಾರೆ, ಹೋದ ಮೇಲೆ ಕಿತ್ತುಹಾಕ್ತಾರೆ. ಇವರು ಒಳಗೇ ಹಾಕಿಬಿಟ್ಟಿದ್ದಾರೆ. ಮಾಡುವಾಗಲೇ ಶೌಚಾಲಯ ಅಂತ ಮಾಡಿದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು? ಯಾರ್ರೀ ಇದನ್ನ ತಯಾರಿಸಿದ್ದು?"

ಮುನಿರಾಜ್ ಕೆಂಪರಾಜನನ್ನು ಬಿಗಿದಪ್ಪಿ, ಕಿವಿಯಲ್ಲಿ, "ನನ್ ಮಾನ ಉಳಿಸ್ದೆ ಗುರು. ನಿನಗೆ ಹೆಂಗೆ ಗೊತ್ತಾಯ್ತು?" ಎಂದ.

ಕೆಂಪರಾಜ ಅವನನ್ನು ತಳ್ಳಿದ. "ಮೇಡಂ, ಸುಳ್ಳು! ಇದು ಕಕ್ಕಸಲ್ಲ, ದೋಣಿ! ನಾನು ದೋಣಿ ಅಂತಲೇ ಮಾಡಿದ್ದು. ಮಲ್ಪೆಲಿ ಕೆಲ್ಸ ಕಲ್ತೋನು ನಾನು. ನೀರಿಗೆ ಬಿಟ್ಟು ನೋಡಿ, ತೇಲುತ್ತೆ!"

ಮುನಿರಾಜ್ ಕಣ್ಣು ಮುಚ್ಚಿಕೊಂಡ. ಮೇಡಂ ಮಾತ್ರ ನಕ್ಕರು.

"ಗೊತ್ತಪ್ಪಾ. ಸಂಚಾರಿ ಅಂತ ಬರೆದಿದೆಯಲ್ಲ. ನೆಲದ ಮೇಲೆ ಸಂಚಾರ ಮಾಡೋದನ್ನ ಎಲ್ಲಾ ಕಡೆ ನೋಡಿದೀನಿ. ನೀರಿನ ಮೇಲೂ ಹೋಗೋ ಹಾಗೆ ಮಾಡಿದೋರು ನೀವೊಬ್ರೇ." ಫೈಲಿನಲ್ಲಿ ಸಹಿ ಹಾಕಿ ಮುಂದುವರಿಸಿದರು. "ಆದ್ರೆ ಬಾಗಿಲಿಲ್ಲ, ಗಾಳಿಕಿಂಡಿ ಇಲ್ಲ. ನಾಲ್ಕು ಜನ ಎದುರುಬದುರು ಕೂರೋದು ಅಂತ ಬೇರೆ ಬರೆದಿದಾರೆ, ಅದು ಚೆನ್ನಾಗಿರಲ್ಲ. ಮಧ್ಯೆ ಗೋಡೆ ಹಾಕಿ. ಎಂಟು ದಿನದೊಳಗೆ ಎಲ್ಲಾ ಆಗ್ಬೇಕು. ಅಲ್ಲೀವರೆಗೂ ಇದನ್ನ ನೀರಿಗಿಳಿಸೋ ಹಾಗಿಲ್ಲ."

ಕೆಂಪರಾಜ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಮೈಕಿಗೆ ಜೀವ ಬಂದಿತ್ತು. ಅಧ್ಯಕ್ಷರ ಗಂಟಲಿಗೂ ಬಂದಿತ್ತು.

"ಮಹನೀಯರೇ, ನಮ್ಮ ತಾಲ್ಲೂಕಿನ ಮನೆಮಾತಾಗಿರುವ, ಈಗ ನೀರಿನ ಮೇಲೂ ಹೆಸರು ಮಾಡಿರುವ, ನಮ್ಮೆಲ್ಲರ ಹೆಮ್ಮೆಯ ಶ್ರೀ ಕಕ್ಕಸ್ ಕೆಂಪರಾಜ್ ಅವರಿಗೆ ಪಂಚಾಯಿತಿ ವತಿಯಿಂದ ಸನ್ಮಾನ! ಜೋರಾಗಿ ಚಪ್ಪಾಳೆ!"

ಮಾಕನಕೆರೆ ಪಂಚಾಯಿತಿಗೆ ಇದ್ದದ್ದು ಒಂದೇ ಶಾಲು. ಸನ್ಮಾನ ಮುಗಿದ ಮೇಲೆ ವಾಪಸು ತೆಗೆದುಕೊಂಡು, ಒಗೆಯಲು ಕಳಿಸಿ, ಮುಂದಿನವರಿಗೆ ಹೊದಿಸುತ್ತಿದ್ದರು. ಅಮ್ಮಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಕಂಕುಳಿನ ಕವರಿನಿಂದ ಅದನ್ನು ತೆಗೆದಳು. ಬೆಳಗ್ಗೆ ಹಗ್ಗದ ಮೇಲೆ ತನ್ನ ಗಾಜಿನ ಬಟ್ಟೆಯ ಪಕ್ಕದಲ್ಲೇ ಒಣಗುತ್ತಿದ್ದ ಜರಿಯಂಚನ್ನು ಕೆಂಪರಾಜ ನೋಡಿದ ಕೂಡಲೇ ಗುರುತು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ದೋಣಿ ಇತ್ತು. ಮೇಡಂ ನಗುನಗುತ್ತ ಶಾಲನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದಿಸಿದರು.

"ಹಂಗೇ ಇರಿ ಸಾರ್, ಅಲ್ಲಾಡ್ಬೇಡಿ," ಎಂದ ಫೋಟೋದವನು. "ಹಿಂದುಗಡೆ ಬೋರ್ಡು ಓದೋ ಹಾಗೆ ಬರ್ಬೇಕು."

ಕೆಂಪರಾಜ ಅಲ್ಲಾಡಲಿಲ್ಲ. ಮೊದಲು ಕುತ್ತಿಗೆಯಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಬೆನ್ನಿನ ನಡುವೆ ಕೈಗೆ ಸಿಗದ ಜಾಗದಲ್ಲಿ ನವೆ ಶುರುವಾಯಿತು. ಎರಡೂ ಕೈಯನ್ನು ಮೇಡಂ ಹಿಡಿದುಕೊಂಡಿದ್ದರು. ಚಪ್ಪಾಳೆ ನಿಲ್ಲುವಂತೆ ಕಾಣಲಿಲ್ಲ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಮುಂದಿನ ಸಾಲಿನವರು, "ಪಾಪ, ಎಷ್ಟು ಸಂತೋಷ ಆಗೈತೆ ನೋಡು," ಎಂದು ಮಾತಾಡಿಕೊಂಡರು.

ಅಮ್ಮಯಮ್ಮ ಎರಡು ಹೆಜ್ಜೆ ಹಿಂದೆ ನಿಂತು, ತಲೆ ಓರೆ ಮಾಡಿ ಶಾಲಿನ ಅಂಚನ್ನೇ ನೋಡಿದಳು. ಬೆಳಗಿನ ಸಿಟ್ಟೆಲ್ಲ ಅವಳಿಗೆ ಇಳಿದುಹೋಗಿತ್ತು.

"ಈಗಾದ್ರೂ ಒಪ್ಕೋ ಮಗಾ," ಎಂದಳು. "ನನ್ ಗಂಜಿ ಎದ್ದು ಬಂತಾ?"